ಮನೆಯ ಬೆಲೆಯೇ, ಸಂಕಟದ ಬೆಲೆಯೇ?

ನಮ್ಮ ಮದುವೆ ಮಂಟಪಗಳಲ್ಲಿ, ಜುಮಾದ ಬಳಿಕ ಮಸೀದಿಯ ಅಂಗಳದಲ್ಲಿ, ಗಲ್ಫ್‌ನಿಂದ ರಜೆಗೆ ಬಂದವರ ಮನೆಯ ಜಗಲಿಯಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: "90 ಲಕ್ಷದ ಮನೆ, 60ಕ್ಕೆ ಸಿಕ್ಕಿತು. ಅವರಿಗೆ ಅರ್ಜೆಂಟಿತ್ತು." ಮೊದಲ ವಾಕ್ಯವನ್ನು ಹೇಳುವಾಗ ಮುಖದಲ್ಲಿ ಗೆಲುವಿರುತ್ತದೆ. ಎರಡನೆಯ ವಾಕ್ಯವನ್ನು ಯಾರೂ ತಡೆದು ವಿಚಾರಿಸುವುದಿಲ್ಲ. ಏನು ಅರ್ಜೆಂಟು? ಮಗುವಿನ ಶಸ್ತ್ರಚಿಕಿತ್ಸೆಯೇ? ವಿದೇಶದಲ್ಲಿ ಕೆಲಸ ಕಳೆದುಕೊಂಡು ಬಂದವನ ಸಾಲವೇ? ಗಂಡ ತೀರಿಕೊಂಡ ಬಳಿಕ ಹೆಣ್ಣೊಬ್ಬಳ ಮೇಲೆ ಬಿದ್ದ ಹೊರೆಯೇ? ಕೇಳಿದವರು ಮಾಶಾ ಅಲ್ಲಾಹ್ ಎನ್ನುತ್ತಾರೆ, ಬರಕತ್ತಿಗಾಗಿ ದುಆ ಮಾಡುತ್ತಾರೆ, ಬಿರಿಯಾನಿಯ ತಟ್ಟೆ ಮುಂದೆ ಸರಿಯುತ್ತದೆ.

ಆ 30 ಲಕ್ಷವನ್ನು ಬರಕತ್ತೆಂದು ಕರೆಯಲು ನಮ್ಮ ಬಳಿ ಯಾವ ಆಧಾರವಿದೆ?

ಮಾಂಸದಂಗಡಿಯ ಮುಂದೆ ನಿಂತು ಝಬಹ್ ಮಾಡಿದವರು ಯಾರೆಂದು ವಿಚಾರಿಸುವವರು ನಾವು. ಚಾಕೊಲೇಟಿನ ಪೊಟ್ಟಣವನ್ನು ತಿರುಗಿಸಿ ಅದರಲ್ಲಿ ಜೆಲಾಟಿನ್ ಇದೆಯೇ ಎಂದು ಓದಿ ನೋಡುವವರು ನಾವು. ಅಂತಹ ಎಚ್ಚರ ಒಳ್ಳೆಯದೇ. ಆದರೆ ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ನಡೆಸುವ ಅತಿದೊಡ್ಡ ವ್ಯವಹಾರದಲ್ಲಿ, ಮಾರುವವನಿಗೆ ಎಷ್ಟು ಬೆಲೆ ಹೇಳಬೇಕು ಎಂಬ ಪ್ರಶ್ನೆ ಎದ್ದಾಗ ಮಾತ್ರ ನಮಗೆ ದಲ್ಲಾಳಿಯೇ ಮುಫ್ತಿಯಾಗುತ್ತಾನೆ. ಅವನು "ಅವರು ತುಂಬಾ ಟೈಟ್‌ನಲ್ಲಿದ್ದಾರೆ, ಇನ್ನೂ ಹತ್ತು ಇಳಿಸಿ ನೋಡಿ" ಎಂದರೆ ನಾವು ಇಳಿಸುತ್ತೇವೆ. ಇಳಿಸಲು ಹೇಳಿದ ಕಾರಣ ಯಾವುದೆಂದು ಯೋಚಿಸುವುದಿಲ್ಲ. ಮನೆಯ ಗೋಡೆ ಬಿರುಕು ಬಿಟ್ಟಿರುವುದು ಆ ಕಾರಣವಲ್ಲ, ಬಾವಿ ಬೇಸಿಗೆಯಲ್ಲಿ ಬತ್ತುವುದೂ ಅಲ್ಲ. ಒಬ್ಬ ಮನುಷ್ಯನ ಕೈ ಕಟ್ಟಿರುವುದೇ ಆ ಕಾರಣ.

ಚೌಕಾಸಿಯನ್ನು ಇಸ್ಲಾಮ್ ನಿಷೇಧಿಸಿಲ್ಲ. ಹದಿನೈದು ವರ್ಷ ಮಿಗಿಸಿ ಕೂಡಿಟ್ಟ ಹಣದಲ್ಲಿ ಮೊದಲ ಮನೆ ಕೊಳ್ಳಹೊರಟ ಶಾಲಾ ಶಿಕ್ಷಕನೊಬ್ಬ ಎರಡು ಲಕ್ಷ ಕಡಿಮೆ ಮಾಡಿರೆಂದು ಕೇಳಿದರೆ ಅದು ಅವನ ಹಕ್ಕು. ಪ್ರವಾದಿ ಮುಹಮ್ಮದ್(ಸ) ಅವರೇ ಚೌಕಾಸಿ ಮಾಡಿದ್ದಾರೆ. ಆ ಘಟನೆಯನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ, ಕೊನೆಯವರೆಗೆ ಕೇಳಿಸಿಕೊಂಡಂತಿಲ್ಲ. ಒಂದು ದಂಡಯಾತ್ರೆಯಿಂದ ಮರಳುವ ದಾರಿಯಲ್ಲಿ ಜಾಬಿರ್(ರ) ಅವರ ಒಂಟೆ ದಣಿದು ಹಿಂದುಳಿದಿತ್ತು. ಪ್ರವಾದಿ(ಸ) ಅದನ್ನು ತಟ್ಟಿ, ದುಆ ಮಾಡಿ ಚುರುಕುಗೊಳಿಸಿದರು. ಆಮೇಲೆ ಅದನ್ನು ತಮಗೆ ಮಾರುವಂತೆ ಕೇಳಿದರು. ಜಾಬಿರ್ ಮೊದಲು ಒಪ್ಪಲಿಲ್ಲ. ಕೊನೆಗೆ, ಮದೀನಾ ತಲುಪುವವರೆಗೆ ತಾನೇ ಸವಾರಿ ಮಾಡುವೆನೆಂಬ ಷರತ್ತಿನ ಮೇಲೆ ಮಾರಿದರು. ಜಾಬಿರ್‌ರ ತಂದೆ ಉಹುದ್‌ನಲ್ಲಿ ಹುತಾತ್ಮರಾಗಿದ್ದರು. ಸಾಲವನ್ನೂ ಅನೇಕ ಹೆಣ್ಣುಮಕ್ಕಳನ್ನೂ ಬಿಟ್ಟುಹೋಗಿದ್ದರು. ಆ ತಂಗಿಯರನ್ನು ನೋಡಿಕೊಳ್ಳಲೆಂದೇ ಜಾಬಿರ್ ಅನುಭವಸ್ಥ ವಿಧವೆಯನ್ನು ವರಿಸಿದ್ದರು. ಕೊಳ್ಳುವವರಿಗೆ ಮಾರುವವರ ಕಷ್ಟ ಸಂಪೂರ್ಣವಾಗಿ ತಿಳಿದಿತ್ತು. ಮದೀನಾದಲ್ಲಿ ಪ್ರವಾದಿ(ಸ) ಒಂಟೆಯ ಬೆಲೆಯನ್ನು ಪೂರ್ತಿ ಕೊಟ್ಟರು. ಜಾಬಿರ್ ಹೊರಟು ಹೋಗುವಾಗ ಮರಳಿ ಕರೆಸಿ ಒಂಟೆಯನ್ನೂ ಹಿಂದಿರುಗಿಸಿದರು. ನಿನ್ನ ಒಂಟೆಯನ್ನು ಕಸಿದುಕೊಳ್ಳಲು ನಾನು ಚೌಕಾಸಿ ಮಾಡಿದೆನೆಂದು ಭಾವಿಸಿದೆಯಾ ಎಂಬರ್ಥದ ಪ್ರಶ್ನೆಯನ್ನು ಅವರು ಕೇಳಿದ್ದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ.

ಮಾರುವವನ ಕಷ್ಟ ತಿಳಿದಾಗ ಅಲ್ಲಿ ಅವನ ಕೈಗೆ ಸಂದ ಮೊತ್ತ ಹೆಚ್ಚಾಯಿತು. ಅದೇ ಕಷ್ಟ ನಮಗೆ ತಿಳಿದರೆ ನಾವು ಹೇಳುವ ಮೊತ್ತ ಕಡಿಮೆಯಾಗುತ್ತದೆ. ಸುನ್ನತ್ತಿಗೂ ನಮ್ಮ ರೂಢಿಗೂ ಇರುವ ಅಂತರ ಇಷ್ಟೇ, ಮತ್ತು ಇದು ಸಣ್ಣ ಅಂತರವಲ್ಲ.

ಪವಿತ್ರ ಕುರ್‌ಆನ್ ಈ ಕೆಲಸಕ್ಕೆ ಒಂದು ಹೆಸರನ್ನು ಇಟ್ಟಿದೆ: ಬಖ್ಸ್. ವಸ್ತುವಿಗೆ ಸಲ್ಲಬೇಕಾದ ಯೋಗ್ಯತೆಯನ್ನು ಕುಗ್ಗಿಸುವುದು, ಅದರ ಬೆಲೆಯನ್ನು ಕಡಿತಗೊಳಿಸುವುದು ಎಂದು ಅದರ ಅರ್ಥ. ಮದ್‌ಯನ್ ಜನಾಂಗಕ್ಕೆ ಶುಐಬ್(ಅ) ನೀಡಿದ ಎಚ್ಚರಿಕೆಯಲ್ಲಿ ಈ ಪದ ಬರುತ್ತದೆ. ಅಳತೆ ತೂಕಗಳನ್ನು ಸರಿಯಾಗಿ ಕೊಡಬೇಕೆಂದು ಹೇಳಿದ ಬೆನ್ನಿಗೇ, ಜನರ ವಸ್ತುಗಳ ಮೌಲ್ಯವನ್ನು ಕುಗ್ಗಿಸಬಾರದೆಂದೂ ಅವರು ಹೇಳಿದರು. ಅಲ್ ಅಅ್‌ರಾಫ್, ಹೂದ್ ಮತ್ತು ಅಶ್ಶುಅರಾ, ಈ ಮೂರು ಅಧ್ಯಾಯಗಳಲ್ಲಿ ಆ ಮಾತು ಪುನರುಕ್ತವಾಗಿದೆ. ಯೂಸುಫ್ ಅಧ್ಯಾಯದಲ್ಲಿಯೂ ಅದೇ ಪದವಿದೆ. ಬಾವಿಯಿಂದ ಎತ್ತಿದ ಬಾಲಕನನ್ನು ಎಣಿಸಿ ಮುಗಿಸಬಹುದಾದಷ್ಟು ಕೆಲವೇ ದಿರ್ಹಮುಗಳಿಗೆ, 'ಬಖ್ಸ್' ಬೆಲೆಗೆ ಮಾರಿದರೆಂದು ಅಲ್ಲಾಹನು ತಿಳಿಸುತ್ತಾನೆ. ಬಾವಿಗೆ ಬಿದ್ದವನ ಬೆಲೆ ಕಡಿಮೆಯಾಗಿದ್ದುದು ಅವನ ಯೋಗ್ಯತೆ ಕಡಿಮೆಯಿದ್ದುದರಿಂದಲ್ಲ, ಅವನು ಬಾವಿಗೆ ಬಿದ್ದಿದ್ದುದರಿಂದ. ಇಂದು 60 ಲಕ್ಷಕ್ಕೆ ಮನೆ ಬಿಟ್ಟುಕೊಟ್ಟವನ ಸ್ಥಿತಿ ಬೇರೆಯೇ?

ಶುಐಬ್(ಅ)ರ ಮಾತಿನಲ್ಲಿ 'ಜನರು' ಎಂದಿದೆ, 'ವಿಶ್ವಾಸಿಗಳು' ಎಂದಿಲ್ಲ. ಮಾರುವವನು ಬೇರೆ ಧರ್ಮದವನಾದರೆ ಲೆಕ್ಕಾಚಾರವೂ ಬೇರೆ ಎಂದು ಕೆಲವರು ಪಿಸುಗುಟ್ಟುವುದುಂಟು. ಗಲಭೆಯ ನಂತರ ಹೆದರಿ ಊರಿನ ಇನ್ನೊಂದು ಭಾಗಕ್ಕೆ ಹೋಗಬಯಸುವ ಹಿಂದೂ ಕುಟುಂಬವಿರಲಿ, ಮುಸ್ಲಿಮ್ ಕುಟುಂಬವಿರಲಿ, ಅವರ ಭಯವನ್ನು ರಿಯಾಯಿತಿಯಾಗಿ ಪರಿವರ್ತಿಸಿಕೊಳ್ಳಲು ಕುರ್‌ಆನ್ ಯಾರಿಗೂ ಪರವಾನಗಿ ಕೊಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ. "ನಾವು ಯಾರನ್ನೂ ಬಲವಂತ ಮಾಡಿಲ್ಲ. ನಾವು ಒಂದು ಮೊತ್ತ ಹೇಳಿದೆವು, ಅವರು ಒಪ್ಪಿದರು. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಕುರ್‌ಆನ್ (4:29) ಸಮ್ಮತಿಸಿದೆಯಲ್ಲವೇ?" ಹೌದು, ಸಮ್ಮತಿಸಿದೆ. ಆದರೆ ಅದೇ ವಚನ ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂಬ ಆಜ್ಞೆಯಿಂದ ಆರಂಭವಾಗುತ್ತದೆ. ಒಪ್ಪಿಗೆಯೆಂದರೆ ಏನೆಂಬುದನ್ನು ತಿಳಿಯಲು ಸಹಾಬಿಗಳ ಕಾಲದ ಒಂದು ಮನೆ ಮಾರಾಟವನ್ನೇ ನೋಡೋಣ. ಸಹೀಹ್ ಬುಖಾರಿಯಲ್ಲಿ, ನೆರೆಯವನ ಮೊದಲ ಹಕ್ಕನ್ನು ವಿವರಿಸುವ ಅಧ್ಯಾಯದಲ್ಲಿ ಅದರ ವರದಿಯಿದೆ.

ಪ್ರವಾದಿ(ಸ) ಅವರ ವಿಮೋಚಿತ ಸೇವಕರಾಗಿದ್ದ ಅಬೂ ರಾಫಿಅ್(ರ) ಅವರಿಗೆ, ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ವಠಾರದೊಳಗೆ ಎರಡು ಮನೆಗಳಿದ್ದವು. ಅವನ್ನು ಕೊಳ್ಳಿರೆಂದು ಅವರು ಸಅದ್‌ರನ್ನು ಕೇಳಿದರು. ಸಅದ್ ಬೇಡವೆಂದರು. ಪಕ್ಕದಲ್ಲಿದ್ದ ಮಿಸ್ವರ್ ಬಿನ್ ಮಖ್ರಮ(ರ), ನೀವು ಕೊಳ್ಳಲೇಬೇಕೆಂದು ಒತ್ತಾಯಿಸಿದರು. ಆಗ ಸಅದ್ ತಮ್ಮ ಮಿತಿಯನ್ನು ನೇರವಾಗಿ ಹೇಳಿದರು: ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದೂ ಕಂತುಗಳಲ್ಲಿ. ಅಬೂ ರಾಫಿಅ್ ತಮಗೆ ಈಗಾಗಲೇ 500 ದೀನಾರುಗಳ ಬೇಡಿಕೆ ಬಂದಿರುವುದಾಗಿ ತಿಳಿಸಿದರು. ದೀನಾರಿಗೆ ಹತ್ತು ದಿರ್ಹಮ್ ಎಂದು ಹಿಡಿದರೂ ಅದು ಐದು ಸಾವಿರವಾಯಿತು. ಆದರೂ ನೆರೆಯವನಿಗೆ ಸಾಮೀಪ್ಯದ ಕಾರಣ ಹೆಚ್ಚು ಹಕ್ಕಿದೆಯೆಂದು ಪ್ರವಾದಿ(ಸ) ಅವರಿಂದ ಕೇಳಿದ್ದೇನೆ, ಇಲ್ಲವಾಗಿದ್ದರೆ ಕೊಡುತ್ತಿರಲಿಲ್ಲ ಎಂದು ಹೇಳಿ ಅವರು ಸಅದ್‌ರಿಗೇ ಮಾರಿದರು.

ಕಡಿಮೆ ಬೆಲೆ ಹೇಳುವುದಕ್ಕೆ ಇದೇ ಪುರಾವೆಯೆಂದು ಯಾರಾದರೂ ಎತ್ತಿಕೊಂಡಾರು. ಈ ವ್ಯವಹಾರದಲ್ಲಿ ಏನೆಲ್ಲ ಇದೆಯೆಂಬುದನ್ನು ಗಮನಿಸಲಿ. ಕೊಳ್ಳುವವರು ಮಾರುವವರ ಬೆನ್ನು ಹತ್ತಿರಲಿಲ್ಲ, ಮಾರುವವರೇ ಬಂದಿದ್ದರು. ಕೊಳ್ಳುವವರು ತಮ್ಮ ಶಕ್ತಿಯ ಮಿತಿಯನ್ನು ಹೇಳಿದರೇ ಹೊರತು ಮನೆಯನ್ನು ಹೀಗಳೆಯಲಿಲ್ಲ. ಸಾಕ್ಷಿಗಳ ಮುಂದೆ ಮಾತು ನಡೆಯಿತು. ಮಾರುವವರು ಹೇಳಿದ ಪ್ರತಿಸ್ಪರ್ಧಿ ಬೆಲೆ ನಿಜವಾದದ್ದಾಗಿತ್ತು, ದಲ್ಲಾಳಿ ಹುಟ್ಟಿಸಿದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಬೂ ರಾಫಿಅ್‌ರ ಮುಂದೆ 500 ದೀನಾರುಗಳ ಇನ್ನೊಂದು ಬಾಗಿಲು ತೆರೆದೇ ಇತ್ತು. ಆ ಬಾಗಿಲಿನಿಂದ ಹೋಗಲು ಸಾಧ್ಯವಿದ್ದೂ ಅವರು ಹೋಗಲಿಲ್ಲ. ಪರಸ್ಪರ ಒಪ್ಪಿಗೆಯೆಂದರೆ ಇದು. ಸೋಮವಾರದೊಳಗೆ ಆಸ್ಪತ್ರೆಗೆ ಹಣ ಕಟ್ಟಬೇಕಾದವನು ಶನಿವಾರ ಸಂಜೆ ನಮ್ಮ ಬೆಲೆಗೆ ತಲೆಯಾಡಿಸಿದರೆ ಅದನ್ನು ಅಬೂ ರಾಫಿಅ್‌ರ ಒಪ್ಪಿಗೆಯ ಪಕ್ಕದಲ್ಲಿ ಇಡಲು ನಮಗೆ ನಾಚಿಕೆಯಾಗಬೇಕು.

ಇನ್ನು ಕೆಲವರು ತಕ್ದೀರಿನ ಮೊರೆ ಹೋಗುತ್ತಾರೆ. ಬೆಲೆ ನಿರ್ಧರಿಸುವವನು ಅಲ್ಲಾಹನು, ರಿಝ್ಕ್ ಅವನ ಕೈಯಲ್ಲಿದೆ, ನಮಗೆ ಅಗ್ಗವಾಗಿ ಸಿಗಬೇಕೆಂದು ಬರೆದಿತ್ತು, ಸಿಕ್ಕಿತು ಎಂದು. ಮದೀನಾದಲ್ಲಿ ಬೆಲೆಯೇರಿಕೆಯಾದಾಗ ಜನರು ದರ ನಿಗದಿಪಡಿಸುವಂತೆ ಕೇಳಿದ್ದು, ಬೆಲೆಗಳನ್ನು ನಿರ್ಧರಿಸುವವನು ಅಲ್ಲಾಹನೆಂದು ಪ್ರವಾದಿ(ಸ) ಉತ್ತರಿಸಿದ್ದು ಅನಸ್(ರ) ಅವರ ವರದಿಯಲ್ಲಿ ನಿಜವಾಗಿಯೂ ಇದೆ. ಆದರೆ ಆ ಹದೀಸ್ ಅಲ್ಲಿಗೆ ಮುಗಿಯುವುದಿಲ್ಲ. ರಕ್ತದ ವಿಷಯದಲ್ಲಾಗಲಿ ಸೊತ್ತಿನ ವಿಷಯದಲ್ಲಾಗಲಿ ಯಾರೊಬ್ಬರೂ ತನ್ನ ವಿರುದ್ಧ ಅನ್ಯಾಯದ ದೂರು ಹೊತ್ತು ನಿಲ್ಲದ ಸ್ಥಿತಿಯಲ್ಲಿ ಅಲ್ಲಾಹನನ್ನು ಭೇಟಿಯಾಗಲು ಬಯಸುತ್ತೇನೆ ಎಂಬರ್ಥದ ಮಾತಿನೊಂದಿಗೆ ಅದು ಕೊನೆಗೊಳ್ಳುತ್ತದೆ. ಅರ್ಧ ಹದೀಸನ್ನು ಹಿಡಿದು ಮನೆ ಕೊಂಡವರು ಉಳಿದರ್ಧವನ್ನೂ ಓದಿಕೊಳ್ಳಬೇಕು.

ಹಾಗಾದರೆ ಎಷ್ಟು ಇಳಿಸಿದರೆ ನ್ಯಾಯ, ಎಷ್ಟು ಇಳಿಸಿದರೆ ಅನ್ಯಾಯ? ಫಿಕ್‌ಹ್ ಪಂಡಿತರು ಇದನ್ನೂ ಚರ್ಚಿಸದೆ ಬಿಟ್ಟಿಲ್ಲ. ಯೋಗ್ಯ ಬೆಲೆಗೂ ಒಪ್ಪಿದ ಬೆಲೆಗೂ ಇರುವ ಮಿತಿಮೀರಿದ ಅಂತರವನ್ನು ಅವರು 'ಗಬ್ನ್ ಫಾಹಿಶ್' ಎಂದು ಕರೆದರು. ಉಸ್ಮಾನೀ ಆಡಳಿತದಲ್ಲಿ 1869ರಿಂದ 1876ರ ನಡುವೆ ಹನಫಿ ಮದ್‌ಹಬಿನ ಆಧಾರದಲ್ಲಿ ಸಿದ್ಧವಾದ 'ಮಜಲ್ಲ' ಎಂಬ ಕಾನೂನು ಸಂಹಿತೆ ಇದಕ್ಕೆ ಅಂಕಿಗಳನ್ನೇ ಕೊಟ್ಟಿದೆ. ಸಾಮಾನು ಸರಂಜಾಮುಗಳಲ್ಲಿ ಇಪ್ಪತ್ತರಲ್ಲೊಂದು ಭಾಗ, ಜಾನುವಾರುಗಳಲ್ಲಿ ಹತ್ತರಲ್ಲೊಂದು, ಮನೆ ಜಮೀನುಗಳಲ್ಲಿ ಐದರಲ್ಲೊಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂತರವಾದರೆ ಅದು ಗಬ್ನ್ ಫಾಹಿಶ್. 90 ಲಕ್ಷದ ಮನೆಯಲ್ಲಿ ಐದರಲ್ಲೊಂದು ಎಂದರೆ 18 ಲಕ್ಷ. 60ಕ್ಕೆ ಎಬ್ಬಿಸಿದವರು ಆ ಗೆರೆಯನ್ನು ದಾಟಿ 12 ಲಕ್ಷದಷ್ಟು ಮುಂದೆ ಹೋಗಿದ್ದಾರೆ.

ವಂಚನೆಯಿಲ್ಲದೆ ಕೇವಲ ಬೆಲೆಯ ಅಂತರ ಹೆಚ್ಚಾದ ಮಾತ್ರಕ್ಕೆ ಕರಾರು ಅಸಿಂಧುವಾಗುವುದಿಲ್ಲ ಎಂಬುದು ಅದೇ ಮಜಲ್ಲದ ನಿಯಮ. ಕರಾವಳಿಯ ನಾವು ಅನುಸರಿಸುವ ಶಾಫಿಈ ಮದ್‌ಹಬಿನ ನಿಲುವೂ ಅದೇ. ನಿರ್ಬಂಧಕ್ಕೊಳಗಾದವನ ವ್ಯಾಪಾರವನ್ನು ನಿಷೇಧಿಸುವ ಒಂದು ಹದೀಸ್ ಅಬೂ ದಾವೂದ್‌ನಲ್ಲಿದೆ, ಅದರ ವರದಿಗಾರರ ಸರಪಣಿಯಲ್ಲಿ ಹೆಸರಿಲ್ಲದ ವ್ಯಕ್ತಿಯೊಬ್ಬನಿರುವುದರಿಂದ ಹದೀಸ್ ತಜ್ಞರು ಅದನ್ನು ದುರ್ಬಲವೆಂದಿದ್ದಾರೆ. ಆದುದರಿಂದ ನಾವು ಅದರ ಮೇಲೆ ವಾದ ಕಟ್ಟುತ್ತಿಲ್ಲ. ಆದರೆ ಕರಾರು ಊರ್ಜಿತವಾಗುವುದು ಬೇರೆ, ಕರಾರು ಮಾಡಿದವನು ನಿರ್ದೋಷಿಯಾಗುವುದು ಬೇರೆ. ಉಪನೋಂದಣಾಧಿಕಾರಿಯ ಮೊಹರು ಬಿದ್ದ ಕಾಗದವನ್ನು ನಾಳೆ ಮಹ್‌ಶರದಲ್ಲಿ ತೋರಿಸಿ ಪಾರಾಗಬಹುದೆಂದು ನಂಬಿದವರು ನಮ್ಮಲ್ಲಿ ಇದ್ದಾರೆಯೇ?

ಮಜಲ್ಲ ಒಂದು ಅಪವಾದವನ್ನು ಇಟ್ಟಿದೆ. ಅನಾಥರ ಸೊತ್ತು, ವಕ್ಫ್ ಸೊತ್ತು ಮತ್ತು ಬೈತುಲ್‌ಮಾಲ್‌ನ ಸೊತ್ತನ್ನು ಅಷ್ಟು ಕಡಿಮೆ ಬೆಲೆಗೆ ಮಾರಿದರೆ ವಂಚನೆ ಇಲ್ಲದಿದ್ದರೂ ಆ ಮಾರಾಟ ಸಲ್ಲುವುದಿಲ್ಲ. ಅಣ್ಣ ತೀರಿಕೊಂಡು ವರ್ಷ ತುಂಬುವ ಮುನ್ನ, ಅತ್ತಿಗೆಯ ಮುಂದೆ ಕುಳಿತು "ಮಕ್ಕಳ ಓದಿಗೆ ಹಣ ಬೇಕಲ್ಲ, ಹೊರಗಿನವರಿಗೆ ಯಾಕೆ, ನಾನೇ ತೆಗೆದುಕೊಳ್ಳುತ್ತೇನೆ" ಎಂದು ಬೆಲೆ ಹೇಳುವವರು ಈ ಸಾಲುಗಳನ್ನು ಎರಡು ಬಾರಿ ಓದಬೇಕು. ಆ ಮನೆಯಲ್ಲಿ ಮಕ್ಕಳ ಪಾಲಿದೆ. ಅಪ್ರಾಪ್ತ ಮಕ್ಕಳ ಪಾಲಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿ ಮಾರುವಂತಿಲ್ಲವೆಂಬುದು ನಮ್ಮ ದೇಶದ ನ್ಯಾಯಾಲಯಗಳೂ ಅನುಸರಿಸುವ ನಿಯಮ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ತುಂಬಿಕೊಳ್ಳುವುದು ಬೆಂಕಿಯನ್ನೇ ಎಂದು ಅನ್ನಿಸಾ ಅಧ್ಯಾಯ ಎಚ್ಚರಿಸುತ್ತದೆ. ಆ ಬೆಂಕಿಗೆ ಚಿಕ್ಕಪ್ಪನೆಂಬ ವಿನಾಯಿತಿಯಿಲ್ಲ.

ನಮ್ಮ ಮನೆಗಳೊಳಗೆ ಇದಕ್ಕಿಂತಲೂ ಸಾಮಾನ್ಯವಾದ ಇನ್ನೊಂದು ವ್ಯವಹಾರವಿದೆ. ಅದನ್ನು ನಾವು ಖರೀದಿ ಎಂದು ಕರೆಯುವುದೇ ಇಲ್ಲ. ತಂದೆಯ ಮನೆಯಲ್ಲಿ ಸಹೋದರಿಯರಿಗಿರುವ ಪಾಲನ್ನು ಸಹೋದರರು ತೆಗೆದುಕೊಳ್ಳುವುದು ನಿಜವಾಗಿ ಖರೀದಿಯೇ. ಅಲ್ಲಿಯೂ ಒಂದು ಬೆಲೆ ಹೇಳಲಾಗುತ್ತದೆ, ಅಲ್ಲಿಯೂ ಒಬ್ಬಳು ತಲೆಯಾಡಿಸುತ್ತಾಳೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಯಿ ಮೊದಲೇ ತೀರಿಕೊಂಡಿದ್ದಾರೆ, ತಂದೆ ಬಿಟ್ಟುಹೋದ ಮನೆಯ ಇಂದಿನ ಬೆಲೆ 90 ಲಕ್ಷ, ಸಾಲ ವಸಿಯ್ಯತ್ ಏನೂ ಇಲ್ಲ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು ಪಾಲಿನಂತೆ ಒಟ್ಟು ಆರು ಪಾಲು. ಪ್ರತಿ ಹೆಣ್ಣುಮಗಳಿಗೆ 15 ಲಕ್ಷ. ಈ ಲೆಕ್ಕ ಮಾಡಲು ದೊಡ್ಡ ಆಲಿಮರೇನೂ ಬೇಕಿಲ್ಲ. ಆದರೆ ಸಹೋದರನು ತಂಗಿಯ ಮುಂದೆ ಇಡುವ ಮೊತ್ತ ಎಷ್ಟು? ಎರಡು ಲಕ್ಷ, ಮೂರು ಲಕ್ಷ. ಸ್ವಲ್ಪ ಲೆಕ್ಕ ಬಲ್ಲವನಾದರೆ ಸರಕಾರದ ಮಾರ್ಗಸೂಚಿ ದರವನ್ನು ತೆಗೆದು ತೋರಿಸುತ್ತಾನೆ.

ಮಾರ್ಗಸೂಚಿ ದರವೆಂದರೆ ಮುದ್ರಾಂಕ ಶುಲ್ಕವನ್ನು ಲೆಕ್ಕ ಹಾಕಲು ಸರಕಾರ ನಿಗದಿಪಡಿಸಿದ ಕನಿಷ್ಠ ಮೌಲ್ಯ. ಅದು ವರ್ಷಗಟ್ಟಲೆ ಬದಲಾಗದೆ ಉಳಿಯುವುದುಂಟು. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಂದು ಪರಿಷ್ಕೃತ ದರಗಳು ಜಾರಿಗೆ ಬಂದದ್ದು ಬಹಳ ವರ್ಷಗಳ ಅಂತರದ ಬಳಿಕ. ಅದನ್ನು ಮನೆಯ ನಿಜವಾದ ಬೆಲೆಯೆಂದು ಯಾವ ಮಾರುವವನೂ ಒಪ್ಪುವುದಿಲ್ಲ. ಅದೇ ಸಹೋದರ ನಾಳೆ ಆ ಮನೆಯನ್ನು ಹೊರಗಿನವರಿಗೆ ಮಾರಹೊರಟಾಗ ಮಾರ್ಗಸೂಚಿ ದರದ ಮಾತೆತ್ತುವನೇ? ಪಕ್ಕದ ಜಾಗ ಸೆಂಟ್ಸಿಗೆ ಎಷ್ಟಕ್ಕೆ ಹೋಯಿತು, ಮುಂದಿನ ರಸ್ತೆ ಅಗಲವಾಗಲಿದೆ, ಮಸೀದಿಗೆ ಎರಡು ನಿಮಿಷದ ನಡಿಗೆ ಎಂದೆಲ್ಲ ಹೇಳುವನು. ತಾವು ಅಳೆದು ಪಡೆಯುವಾಗ ಪೂರ್ತಿ ಪಡೆದು, ಇತರರಿಗೆ ಅಳೆದು ಕೊಡುವಾಗ ಕಡಿಮೆ ಕೊಡುವವರಿಗೆ ಅಲ್ ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲೇ ವಿನಾಶದ ಎಚ್ಚರಿಕೆಯಿದೆ. ತಕ್ಕಡಿ ಹಿಡಿದ ಅಂಗಡಿಯವನಿಗೆ ಮಾತ್ರ ಅದು ಸೀಮಿತವೆಂದು ನಾವು ತಿಳಿದುಕೊಂಡಿದ್ದೇವೆ.

"ಮದುವೆಯಲ್ಲಿ ಅವಳಿಗೆ ಚಿನ್ನ ಹಾಕಿದ್ದೇವೆ, ಅದೇ ಅವಳ ಪಾಲು" ಎಂಬ ವಾದವೂ ಇದೆ. ತಂದೆ ಬದುಕಿದ್ದಾಗ ಕೊಟ್ಟದ್ದು ಕೊಡುಗೆ. ವಾರಸು ಹಕ್ಕು ಹುಟ್ಟುವುದೇ ತಂದೆಯ ಮರಣದ ಬಳಿಕ. ಮೊದಲಿನದು ಎರಡನೆಯದನ್ನು ತೀರಿಸುವುದಿಲ್ಲ. ಇನ್ನೊಂದು ಮಾತು, "ಅವಳೇ ಬೇಡವೆಂದಳು." ಏಕೆ ಬೇಡವೆಂದಳು? ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಅವಳಿಗಿದೆ. ನಾಳೆ ಗಂಡನ ಮನೆಯಲ್ಲಿ ಏನಾದರೂ ಸಂಭವಿಸಿದರೆ ಮರಳಿ ಬರಲು ಅಣ್ಣನ ಮನೆಯೊಂದೇ ಇರುವುದೆಂದು ಅವಳು ಬಲ್ಲಳು. ಅವಳ ಪಾಲಿನ ಹಣ ಅವಳ ಕೈಗೆ ಬರಲಿ, ಒಂದು ತಿಂಗಳು ಅವಳ ಖಾತೆಯಲ್ಲಿರಲಿ, ಆ ಬಳಿಕ ಅವಳಾಗಿ ಅಣ್ಣನಿಗೆ ಕೊಟ್ಟರೆ ಅದು ಕೊಡುಗೆ. ಹಣವನ್ನೇ ಕಾಣದೆ ಹಕ್ಕು ಬಿಡುಗಡೆ ಪತ್ರಕ್ಕೆ ಹಾಕಿದ ಸಹಿಯನ್ನು ಕೊಡುಗೆಯೆನ್ನಲಾಗದು. ವಾರಸು ಪಾಲುಗಳನ್ನು ವಿವರಿಸಿದ ಬೆನ್ನಿಗೇ, ಇವು ಅಲ್ಲಾಹನ ಮೇರೆಗಳೆಂದೂ ಅವನ್ನು ಮೀರಿದವನಿಗೆ ನರಕವೆಂದೂ ಕುರ್‌ಆನ್ (4:13-14) ಸಾರಿರುವುದನ್ನು ನಮ್ಮ ಎಷ್ಟು ಜಮಾಅತ್‌ಗಳಲ್ಲಿ ಖುತ್ಬಾದ ವಿಷಯವಾಗಿಸಲಾಗಿದೆ? ಬಡ್ಡಿಯ ವಿರುದ್ಧ ಮೇಜು ಗುದ್ದಿ ಮಾತನಾಡುವ ಎಷ್ಟೋ ಮನೆಗಳು ತಂಗಿಯ 12 ಲಕ್ಷದ ಮೇಲೆ ನಿಂತಿವೆ.

ಸಣ್ಣಪುಟ್ಟ ಉಪಾಯಗಳೂ ಇವೆ, ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಒಳ್ಳೆಯ ಬೆಲೆ ಹೇಳಿ ಸ್ವಲ್ಪ ಮುಂಗಡ ಕೊಟ್ಟು, ಬೇರೆ ಗಿರಾಕಿಗಳೆಲ್ಲ ಚದುರಿದ ಮೇಲೆ, ನೋಂದಣಿಯ ಹಿಂದಿನ ದಿನ ಖಾತೆಯಲ್ಲೋ ಗಡಿಯಲ್ಲೋ ಒಂದು ದೋಷ ಹುಡುಕಿ ಐದು ಲಕ್ಷ ಕಡಿತಗೊಳಿಸುವುದು. ಮೊದಲು ಹೇಳಿದ ಬೆಲೆ ಬೆಲೆಯಾಗಿರಲಿಲ್ಲ, ಬಲೆಯಾಗಿತ್ತು. ದೋಷ ನಿಜವಾಗಿದ್ದರೆ ಅದನ್ನು ಮುಂಗಡಕ್ಕೆ ಮುಂಚೆಯೇ ನೋಡಬೇಕು. ಋಣಭಾರ ಪ್ರಮಾಣಪತ್ರ, ಇ-ಖಾತಾ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ ಆಮೇಲೆ ಬೆಲೆ ಹೇಳಬೇಕು. ಇನ್ನೊಬ್ಬ ಸಹೋದರನೊಂದಿಗೆ ಮಾತು ಕುದುರಿದ ಮನೆಗೆ ರಾತ್ರಿ ಹೋಗಿ ಹೆಚ್ಚು ಕೊಡುವೆನೆನ್ನುವುದನ್ನು ಪ್ರವಾದಿ(ಸ) ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಮಾತು ಇನ್ನೂ ಯಾರೊಂದಿಗೂ ಕುದುರದೆ, ಎಲ್ಲರಿಂದ ಬೆಲೆ ಕೇಳುತ್ತಿರುವ ಹಂತದಲ್ಲಿ ನಮ್ಮ ಬೆಲೆ ಹೇಳುವುದಕ್ಕೆ ಅಡ್ಡಿಯಿಲ್ಲವೆಂದು ಪಂಡಿತರು ವಿವರಿಸಿದ್ದಾರೆ.

ಎರಡು ಬೆಲೆಗಳ ಪದ್ಧತಿಯ ಬಗ್ಗೆಯೂ ಒಂದು ಮಾತು. ಬಾಯಲ್ಲಿ 90, ಕ್ರಯಪತ್ರದಲ್ಲಿ 50, ಉಳಿದದ್ದು ಚೀಲದಲ್ಲಿ. 2015ರಿಂದೀಚೆಗೆ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಇಬ್ಬರು ಸಾಕ್ಷಿಗಳನ್ನು ಕರೆತಂದು, ನಮಗೆ ಸುಳ್ಳೆಂದು ಗೊತ್ತಿರುವ ಮೊತ್ತಕ್ಕೆ ಅವರಿಂದ ಸಹಿ ಹಾಕಿಸುವುದಕ್ಕೆ ಶರೀಅತ್ತಿನಲ್ಲಿ ಬೇರೆ ಹೆಸರಿದೆಯೇ? ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ.

ಮಾರುವವರೆಲ್ಲರೂ ಪಾಪದವರು, ಕೊಳ್ಳುವವರೆಲ್ಲರೂ ಶೋಷಕರು ಎಂದು ನಾವು ಹೇಳುತ್ತಿಲ್ಲ. ನಮ್ಮವರಿಗೆ ಎಲ್ಲ ಬಡಾವಣೆಗಳಲ್ಲಿಯೂ ಮನೆ ಸಿಗುವುದಿಲ್ಲ, ಹೆಸರು ಕೇಳಿದೊಡನೆ ಬಾಗಿಲು ಮುಚ್ಚುವವರಿದ್ದಾರೆ. ಇದನ್ನು ಬಲ್ಲ ನಮ್ಮದೇ ಸಹೋದರರು ಮಸೀದಿಯ ಆಸುಪಾಸಿನ ಹಳೆಯ ಮನೆಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಇಲ್ಲದ ಗಿರಾಕಿಯನ್ನು ಇದೆಯೆಂದು ಹೇಳಿ ಬೆಲೆ ಏರಿಸುತ್ತಾರೆ. ಅದು ನಜಶ್, ಅದೂ ನಿಷಿದ್ಧ. ಇನ್ನೊಬ್ಬನಿಗೆ ಬೇರೆ ದಾರಿಯಿಲ್ಲ ಎಂಬುದನ್ನೇ ಬಂಡವಾಳ ಮಾಡಿಕೊಳ್ಳುವುದು ಮೇಜಿನ ಯಾವ ಬದಿಯಲ್ಲಿ ಕುಳಿತರೂ ಒಂದೇ.

ಹಾಗಾದರೆ ಬೆಲೆ ಹೇಗೆ ಹೇಳಬೇಕು? ಮದೀನಾ ತಲುಪಿದ ಪ್ರವಾದಿ(ಸ) ಮಸೀದಿಗಾಗಿ ಆರಿಸಿದ ಜಾಗ ಇಬ್ಬರು ಅನಾಥ ಬಾಲಕರದಾಗಿತ್ತು. ಅವರು ಉಚಿತವಾಗಿ ಕೊಡಲು ಮುಂದಾದರು. ಪ್ರವಾದಿ(ಸ) ದಾನವಾಗಿ ಸ್ವೀಕರಿಸಲು ಒಪ್ಪದೆ ಕ್ರಯಕ್ಕೇ ಪಡೆದರೆಂದು ಬುಖಾರಿಯ ವರದಿಯಲ್ಲಿದೆ. ಬೆಲೆ ಹೇಳಿರೆಂದು ಅವರು ಬನೂ ನಜ್ಜಾರ್‌ನವರನ್ನೇ ಕೇಳಿದರೆಂದು ಇನ್ನೊಂದು ವರದಿ ತಿಳಿಸುತ್ತದೆ. ಅಲ್ಲಾಹನ ಭವನಕ್ಕಾಗಿ, ಅಲ್ಲಾಹನ ಸಂದೇಶವಾಹಕರಿಗೆ, ಪ್ರೀತಿಯಿಂದ ಬಂದ ರಿಯಾಯಿತಿಯದು. ಅದನ್ನೂ ಅವರು ಪಡೆಯಲಿಲ್ಲ.

ನಮಗೆ ಒಂದು ಸರಳ ಪರೀಕ್ಷೆ ಸಾಕು. ಮಾರುವವನ ಮನೆಯ ಸುದ್ದಿ ತಿಳಿಯುವ ಮುನ್ನ ಒಂದು ಮೊತ್ತವನ್ನು ಕಾಗದದ ಮೇಲೆ ಬರೆದಿಡೋಣ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ನಡೆದ ವ್ಯವಹಾರಗಳು, ಕಟ್ಟಡದ ವಯಸ್ಸು, ದುರಸ್ತಿಗೆ ತಗಲುವ ಖರ್ಚು, ದಾರಿ, ನೀರು, ಪತ್ರಗಳ ಸ್ಥಿತಿ, ನಮ್ಮ ಕೈಯಲ್ಲಿರುವ ಹಣ, ಇವುಗಳನ್ನು ನೋಡಿ ಬರೆದ ಮೊತ್ತ. ಅವನ ಮಗಳ ಕಾಯಿಲೆಯೋ ಸಾಲಗಾರರ ಕಾಟವೋ ಕಿವಿಗೆ ಬಿದ್ದ ಬಳಿಕ ಆ ಮೊತ್ತ ಎಂಟು ಲಕ್ಷ ಇಳಿದರೆ, ಆ ಎಂಟು ಲಕ್ಷ ಮನೆಯ ಬೆಲೆಗೆ ಸೇರಿದ್ದಲ್ಲ. ಅದು ಆ ಮಗಳ ಕಾಯಿಲೆಯಿಂದ ನಾವು ತೆಗೆದ ಲಾಭ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸಅದ್(ರ) ಹೇಳಿದಂತೆ ನಮ್ಮ ಮಿತಿ ಇಷ್ಟು, ಇಷ್ಟು ಕಂತುಗಳಲ್ಲಿ ಎಂದು ಹೇಳಬಹುದು. ಬೇಗನೆ ಹಣ ಬೇಕಿಲ್ಲದ ಮಾರಾಟಗಾರನಿಗೆ ಕಂತಿನ ಬದಲು ಬೆಲೆಯನ್ನೇ ಸ್ವಲ್ಪ ಹೆಚ್ಚಿಸಿ ಕೊಡುವುದೂ ಆಗುತ್ತದೆ. ಒಂದೇ ಬೆಲೆ, ಒಂದೇ ಅವಧಿ ಕರಾರಿನ ಹೊತ್ತಿಗೇ ಖಚಿತವಾಗಿದ್ದರೆ ನಾಲ್ಕೂ ಮದ್‌ಹಬ್‌ಗಳು ಅದನ್ನು ಅನುಮತಿಸಿವೆ. ಬ್ಯಾಂಕಿನ ಬಡ್ಡಿಯ ಬಲದಿಂದ ದೊಡ್ಡ ಮೊತ್ತ ಹೇಳುವವರು ಈ ದಾರಿಯನ್ನು ಕೇಳಿಯಾದರೂ ನೋಡಿದ್ದಾರೆಯೇ?

ಪ್ರತಿ ಮಹಲ್ಲದಲ್ಲಿಯೂ ಗುತ್ತಿಗೆದಾರರು, ಇಂಜಿನಿಯರುಗಳು, ಜಾಗದ ಬೆಲೆ ಬಲ್ಲ ಹಿರಿಯರಿದ್ದಾರೆ. ಮಸೀದಿಗೆ ಬಣ್ಣ ಬಳಿಯುವ ಚರ್ಚೆಗೆ ಮೂರು ಸಭೆ ಸೇರುವ ನಮ್ಮ ಸಮಿತಿಗಳು ಇವರಲ್ಲಿ ಮೂವರನ್ನು ಗೊತ್ತುಮಾಡಲಿ. ವಿಧವೆಯ ಮನೆ, ಅನಾಥರ ಮನೆ, ಪಾಲಾಗಬೇಕಾದ ತರವಾಡು ಮನೆ ಮಾರಾಟಕ್ಕೆ ಬಂದಾಗ ಇವರು ಹೋಗಿ ನೋಡಿ ಬೆಲೆಯನ್ನು ಲಿಖಿತವಾಗಿ ಕೊಡಲಿ. ಆ ಕಾಗದ ಕೈಯಲ್ಲಿದ್ದರೆ ಹೆಣ್ಣುಮಗಳೊಬ್ಬಳು ಅಣ್ಣನ ಮುಂದೆ ಬಾಯಿ ತೆರೆಯದೆಯೂ ಮಾತನಾಡಬಲ್ಲಳು.

ಜರೀರ್ ಬಿನ್ ಅಬ್ದುಲ್ಲಾ(ರ) ಅವರು ಪ್ರವಾದಿ(ಸ) ಅವರಿಗೆ ಬೈಅತ್ ಮಾಡಿದಾಗ ನಮಾಝ್ ಮತ್ತು ಝಕಾತ್‌ನ ಜೊತೆಗೆ ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದೂ ವಚನ ಕೊಟ್ಟಿದ್ದರು. ಮುಂದೊಮ್ಮೆ ಅವರ ಸೇವಕ ಅವರಿಗಾಗಿ ಒಂದು ಕುದುರೆಯನ್ನು 300 ದಿರ್ಹಮ್‌ಗೆ ಖರೀದಿಸಿ ತಂದ. ಜರೀರ್ ಕುದುರೆಯನ್ನು ನೋಡಿದವರೇ ಅದರ ಮಾಲಕನ ಬಳಿಗೆ ಹೋಗಿ, ನಿನ್ನ ಕುದುರೆ ಇದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎನ್ನುತ್ತ ತಾವೇ ಬೆಲೆ ಏರಿಸುತ್ತ ಹೋಗಿ 800 ದಿರ್ಹಮ್ ಕೊಟ್ಟರು. ಮಾಲಕ 300ಕ್ಕೆ ಒಪ್ಪಿದ್ದ, ವ್ಯವಹಾರ ಕುದುರಿತ್ತು, ದೂರು ಹೇಳಿದವರು ಯಾರೂ ಇರಲಿಲ್ಲ.

ನಮ್ಮಲ್ಲಿ ಹಲವರ ನೋಂದಣಿ ಮುಗಿದು ವರ್ಷಗಳೇ ಆಗಿವೆ. ಗೃಹಪ್ರವೇಶದ ಊಟವೂ ಆಗಿದೆ. ಆದರೂ ಅಂತರದ ಹಣವನ್ನು ಕೊಡುವುದಕ್ಕೆ ಯಾವ ಕಾನೂನೂ ಅಡ್ಡಿಯಾಗಿಲ್ಲ. ಒಮ್ಮೆಗೇ ಸಾಧ್ಯವಾಗದಿದ್ದರೆ ಕಂತಿನಲ್ಲಿ ಕೊಡಬಹುದು. ಅವರು ಈಗ ಬಾಡಿಗೆಗಿರುವ ಮನೆ ಎಲ್ಲಿದೆಯೆಂದು ದಲ್ಲಾಳಿಗೆ ಗೊತ್ತಿದೆ, ಅವರ ಬ್ಯಾಂಕ್ ಖಾತೆಯ ಸಂಖ್ಯೆ ಮುಂಗಡ ಕಳುಹಿಸಿದ ದಿನದಿಂದಲೂ ನಮ್ಮ ಮೊಬೈಲಿನಲ್ಲೇ ಇದೆ.